ಕಿಟಕಿಯಿಲ್ಲದ ಗೋಡೆಯ ಒಳಗೆ

ಅರಸನಾದವನಿಗೂ ಸಾಲ ತಪ್ಪಿದ್ದಲ್ಲ. 1694ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ವಿಲಿಯಂನಿಗೆ ಫ್ರಾನ್ಸಿನೊಡನೆ ಯುದ್ಧ ನಡೆಸಲು ಹಣ ಬೇಕಾಗಿತ್ತು, ಬೊಕ್ಕಸವೋ ಬರಿದಾಗಿತ್ತು. ವಿಲಿಯಂ ಪ್ಯಾಟರ್ಸನ್ ಎಂಬ ಸ್ಕಾಟ್ಲೆಂಡಿನ ವರ್ತಕನ ಯೋಜನೆಯಂತೆ ಹಣವುಳ್ಳವರು ಕೂಡಿ 12 ಲಕ್ಷ ಪೌಂಡುಗಳನ್ನು ಶೇ. 8ರ ಬಡ್ಡಿಗೆ ಸರಕಾರಕ್ಕೆ ಕೊಟ್ಟರು. ಪ್ರತಿಯಾಗಿ ದೊರೆತ ಸನ್ನದಿನಿಂದ ಹುಟ್ಟಿದ್ದೇ ಬ್ಯಾಂಕ್ ಆಫ್ ಇಂಗ್ಲೆಂಡ್.

ಮೊದಲ ನಲವತ್ತು ವರ್ಷ ಅದಕ್ಕೆ ಸ್ವಂತ ಮನೆಯಿರಲಿಲ್ಲ. ವರ್ತಕ ಸಂಘಗಳ ಭವನಗಳಲ್ಲಿ ವಹಿವಾಟು ನಡೆಸಿ, 1734ರಲ್ಲಿ ಲಂಡನ್ ನಗರದ ಥ್ರೆಡ್‌ನೀಡಲ್ ಬೀದಿಯ ಸ್ವಂತ ಕಟ್ಟಡಕ್ಕೆ ಬಂದಿತು. 1780ರ ದಂಗೆಯಲ್ಲಿ ಉದ್ರಿಕ್ತ ಜನಸಮೂಹ ಈ ಬ್ಯಾಂಕಿನ ಮೇಲೂ ಏರಿ ಬಂದಿತು. ಅಂದಿನಿಂದ ರಾತ್ರಿಯ ಕಾವಲಿಗೆ ಸೈನಿಕರು ಬರತೊಡಗಿದರು. ಆ ಪದ್ಧತಿ 1973ರವರೆಗೂ ನಡೆಯಿತೆಂದರೆ ಆಂಗ್ಲರ ಸಂಪ್ರದಾಯನಿಷ್ಠೆಗೆ ಬೇರೆ ಸಾಕ್ಷಿ ಬೇಕೆ? ನೆರೆಯ ಚರ್ಚಿನ ಗೋಪುರವೇರಿ ದಂಗೆಕೋರರು ದಾಳಿ ಮಾಡಿಯಾರೆಂಬ ಭಯದಿಂದ ಆ ಚರ್ಚನ್ನೇ ಕೆಡವಿದರು. ಅದರ ಸ್ಮಶಾನದ ನೆಲ ಬ್ಯಾಂಕಿನ ಒಳತೋಟವಾಯಿತು.

1788ರಲ್ಲಿ ಜಾನ್ ಸೋನ್ ಬ್ಯಾಂಕಿನ ವಾಸ್ತುಶಿಲ್ಪಿಯಾಗಿ ನೇಮಕಗೊಂಡನು. ಇಟ್ಟಿಗೆ ಕಟ್ಟುವವನ ಮಗನಾದ ಈತ ಈ ಒಂದೇ ಕಟ್ಟಡಕ್ಕೆ 45 ವರ್ಷಗಳನ್ನು ಧಾರೆಯೆರೆದನು. ಕಳ್ಳರಿಗೂ ದಂಗೆಕೋರರಿಗೂ ಎಡೆಗೊಡದಂತೆ ಹೊರಗೋಡೆಗೆ ಒಂದೂ ಕಿಟಕಿಯಿಡಲಿಲ್ಲ. ಹಾಗಾದರೆ ಒಳಗೆ ಗುಮಾಸ್ತರು ಲೆಕ್ಕ ಬರೆಯುವುದು ಹೇಗೆ? ಬೆಳಕನ್ನು ಮೇಲಿನಿಂದ, ಗುಮ್ಮಟಗಳ ಮೂಲಕ ಇಳಿಸಿದನು. ಹಣ ಎಣಿಸುವ ಸ್ಥಳಕ್ಕೆ ಆ ಸೌಮ್ಯ ಪ್ರಕಾಶ ಗುಡಿಯ ಗಾಂಭೀರ್ಯವನ್ನು ತಂದಿತ್ತು. 1830ರಲ್ಲಿ ಸೋನ್‌ನ ಚಿತ್ರಕಾರ ಜೋಸೆಫ್ ಗ್ಯಾಂಡಿ ಇದೇ ಬ್ಯಾಂಕನ್ನು ಹಾಳುಬಿದ್ದ ಪುರಾತನ ನಗರದಂತೆ ಚಿತ್ರಿಸಿದನು. ಅದು ಆಗ ಕೇವಲ ಕಲ್ಪನೆ.

ನೂರು ವರ್ಷ ತುಂಬುವ ಮೊದಲೇ ಅದು ನಿಜವಾಯಿತು. ಮೊದಲ ಮಹಾಯುದ್ಧದ ನಂತರ ದೇಶದ ಸಾಲ ಬೆಳೆಯಿತು, ನೌಕರರ ಸಂಖ್ಯೆ ಬೆಳೆಯಿತು, ಸ್ಥಳ ಸಾಲದಾಯಿತು. 1925ರಲ್ಲಿ ಆರಂಭಿಸಿ 1939ರ ಹೊತ್ತಿಗೆ ಹರ್ಬರ್ಟ್ ಬೇಕರ್ ಹೊರಗೋಡೆಯನ್ನು ಬಹುಮಟ್ಟಿಗೆ ಉಳಿಸಿಕೊಂಡು, ಸೋನ್‌ನ ಸಭಾಂಗಣಗಳನ್ನು ಕೆಡವಿ, ನೆಲದ ಮೇಲೆ ಏಳು ಅಂತಸ್ತು, ಕೆಳಗೆ ಮೂರು ಅಂತಸ್ತುಗಳ ಭವನವನ್ನೆತ್ತಿದನು. ದೆಹಲಿಯ ಹಳೆಯ ಸಂಸತ್ ಭವನದ ಶಿಲ್ಪಿಗಳಲ್ಲಿ ಒಬ್ಬನಾದ ಬೇಕರನೇ ಈತ. ಇಪ್ಪತ್ತನೆಯ ಶತಮಾನದಲ್ಲಿ ಲಂಡನ್ ನಗರದಲ್ಲಿ ನಡೆದ ವಾಸ್ತುಶಿಲ್ಪದ ಅತಿದೊಡ್ಡ ಅಪರಾಧವಿದೆಂದು ವಿದ್ವಾಂಸ ಪೆವ್ಸ್ನರ್ ಕಟುವಾಗಿ ನಿಂದಿಸಿದ್ದಾರೆ. ಸ್ಥಳದ ಅಡಚಣೆ ಸುಳ್ಳಲ್ಲ. ಆದರೂ ಒಂದೆರಡು ಗುಮ್ಮಟಗಳನ್ನಾದರೂ ಉಳಿಸಿಕೊಳ್ಳಬಹುದಿತ್ತೆಂದೇ ನನ್ನ ಮನಸ್ಸು ಹೇಳುತ್ತದೆ. ಕೆಡವಿದ ಸಭಾಂಗಣಗಳಲ್ಲಿ ಒಂದನ್ನು ಹಳೆಯ ರೂಪದಲ್ಲೇ ಮತ್ತೆ ಕಟ್ಟಿ, 1988ರಲ್ಲಿ ಬ್ಯಾಂಕಿನ ವಸ್ತುಸಂಗ್ರಹಾಲಯವಾಗಿ ತೆರೆದರು.

ಆ ನೆಲಮಾಳಿಗೆಗಳಲ್ಲಿ ಸುಮಾರು 4 ಲಕ್ಷ ಚಿನ್ನದ ಗಟ್ಟಿಗಳಿವೆ. ಅನೇಕ ದೇಶಗಳು ತಮ್ಮ ಬಂಗಾರವನ್ನು ಅಲ್ಲಿ ಇರಿಸಿವೆ. ನಮ್ಮ ದೇಶಕ್ಕೂ ಆ ಮಾಳಿಗೆಗೂ ಒಂದು ನೋವಿನ ನಂಟುಂಟು. 1991ರ ಜುಲೈನಲ್ಲಿ ವಿದೇಶಿ ವಿನಿಮಯ ಬತ್ತಿಹೋದಾಗ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ಕಳುಹಿಸಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಿಂದ ಸಾಲ ಪಡೆಯಿತು. ಮಗಳ ಓಲೆ, ಸೊಸೆಯ ಬಳೆಗಳನ್ನು ಅಡವಿಟ್ಟ ಕಷ್ಟವನ್ನು ಕಂಡುಂಡ ಮನೆಗಳಿಗೆ ಆ ಸುದ್ದಿಯ ಕಸಿವಿಸಿಯನ್ನು ವಿವರಿಸಬೇಕಾಗಿಲ್ಲ. ಆ ಸಾಲ ಅದೇ ವರ್ಷ ತೀರಿತು. 2023-24ರಲ್ಲಿ ರಿಸರ್ವ್ ಬ್ಯಾಂಕು ಲಂಡನ್ನಿನಲ್ಲಿ ಇರಿಸಿದ್ದ ತನ್ನ ಚಿನ್ನದಲ್ಲಿ ಸುಮಾರು 100 ಟನ್ನನ್ನು ಸ್ವದೇಶಕ್ಕೆ ತರಿಸಿಕೊಂಡಿತು.