ನಡುಗುವ ಕಾರಿಗೆ ಮೊದಲು ಮೌಂಟ್ ನೋಡಿ

ಸಿಗ್ನಲ್‌ನಲ್ಲಿ ನಿಂತ ಕಾರು ಗಡಗಡ ನಡುಗಿದರೆ ಕೆಲವು ಮೆಕ್ಯಾನಿಕ್‌ಗಳು ಸೀದಾ ಸ್ಪಾರ್ಕ್ ಪ್ಲಗ್ಗಿಗೆ, ಆಮೇಲೆ ಇಂಜೆಕ್ಟರಿಗೆ ಕೈಹಾಕುತ್ತಾರೆ. ತೊಂದರೆ ಎಂಜಿನ್ ಮೌಂಟಿನದಾದರೆ ಬಿಲ್ಲು ಬೆಳೆಯುತ್ತದೆ, ನಡುಕ ನಿಲ್ಲುವುದಿಲ್ಲ.

ಎಂಜಿನ್ನನ್ನು ಕಾರಿನ ಬಾಡಿಗೆ ಹಿಡಿದಿಡುವ ಮೌಂಟ್‌ಗಳು ಸಾಮಾನ್ಯವಾಗಿ ಮೂರೋ ನಾಲ್ಕೋ ಇರುತ್ತವೆ. ಶಾಖಕ್ಕೆ, ಸೋರಿದ ಆಯಿಲ್‌ಗೆ ಅವುಗಳ ರಬ್ಬರ್ ಬಿರಿಯುತ್ತದೆ; ಹೈಡ್ರಾಲಿಕ್ ಮೌಂಟಾದರೆ ಒಳಗಿನ ದ್ರವ ಸೋರಿ ಕಲೆ ಕಟ್ಟುತ್ತದೆ. ಒಂದು ಕೈಕೊಟ್ಟರೆ ಅದರ ಹೊರೆಯೂ ಉಳಿದವುಗಳ ಮೇಲೆ ಬೀಳುತ್ತದೆ.

ಬದಲಿಸುವ ಕೆಲಸದಲ್ಲೂ ಅವಸರ ಸಲ್ಲದು. ಎಂಜಿನ್ನಿನ ತಳದ ಆಯಿಲ್ ಸಂಪ್‌ಗೆ ಬರಿ ಜಾಕ್ ಕೊಟ್ಟರೆ ಸಂಪ್ ನೆಗ್ಗಬಹುದು. ನಡುವೆ ಮರದ ಹಲಗೆ ಇಟ್ಟು ಎಂಜಿನ್ನಿನ ಭಾರ ಹೊರಿಸಿಯೇ ಬೋಲ್ಟ್ ಬಿಚ್ಚಬೇಕು. ಹೊಸ ಮೌಂಟ್ ಕೂರಿಸಿ, ಕಂಪನಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು.

ಹಳೆಯ ಮೌಂಟನ್ನು ಗಿರಾಕಿಗೆ ಕೊಟ್ಟು ಬಿರುಕು ತೋರಿಸುವುದು ಪ್ರತಿ ಗ್ಯಾರೇಜಿನ ರೂಢಿಯಾಗಬೇಕು. ತೋರಿಸದಿದ್ದರೆ ಗಿರಾಕಿಯೇ ಕೇಳಿ ಪಡೆಯಲಿ.