ಚೈನಿನ ಸಂಧಿ



ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಎತ್ತಿನ ಕೊಟ್ಟಿಗೆಯು ಬರಿದಾಗಿ, ಅಲ್ಲಿ ಬೈಕು ನಿಂತಿರುವದು. ಆದರೆ ಎತ್ತಿನ ಗೊರಸನ್ನೂ ಕೊರಳ ಹಗ್ಗವನ್ನೂ ದಿನಾಲು ನೋಡುತ್ತಿದ್ದ ಹಿರಿಯರ ಎಚ್ಚರವು ಈ ಹೊಸ ವಾಹನದ ಪಾಲಿಗೆ ಬಂದಂತೆ ತೋರುವದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾಗಳನ್ನು ಪೋಣಿಸುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ನಮ್ಮ ಮಕ್ಕಳು ಯಾವದನ್ನು ನಂಬಿ ಓಡಾಡುವರೋ, ಅಂಥ ಒಂದು ಚಿಕ್ಕ ಅವಯವವನ್ನು ಕುರಿತು ಈ ತಿಂಗಳು ವಿಚಾರ ಮಾಡೋಣ.

ಇಂಜಿನಿನ ಬಲವನ್ನು ಹಿಂದಿನ ಗಾಲಿಗೆ ಮುಟ್ಟಿಸುವದು ಚೈನು. ಈ ಉರುಳೆಯ ಚೈನಿನ ರಚನೆಗೆ ಹಾನ್ಸ್ ರೆನೋಲ್ಡನೆಂಬ ಸ್ವಿಸ್ ಯಂತ್ರಜ್ಞನು 1880ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದನು. ಅದರ ಎರಡು ತುದಿಗಳನ್ನು ಕೂಡಿಸುವ ಕೊಂಡಿಗೆ ಗ್ಯಾರೇಜಿನವರು ‘ಚೈನ್ ಲಾಕ್’ ಎನ್ನುವರು. ಎರಡು ಪಿನ್ನುಗಳುಳ್ಳ ಒಂದು ಪಟ್ಟಿ, ಅವುಗಳ ಮೇಲೆ ಕೂಡುವ ಇನ್ನೊಂದು ಬಿಡಿ ಪಟ್ಟಿ, ಅದು ಕಳಚದಂತೆ ಹಿಡಿಯುವ ಮೀನಿನಾಕಾರದ ಸ್ಪ್ರಿಂಗ್ ಕ್ಲಿಪ್ಪು, ಇವೇ ಇದರ ಅಂಗಗಳು. ವ್ಯಾಕರಣದಲ್ಲಿ ಸಂಧಿಯು ಲೋಪ, ಆಗಮ, ಆದೇಶಗಳೆಂದು ಮೂರು ತೆರನಾಗಿರುವದು. ಈ ಸಂಧಿಯಲ್ಲಾದರೋ ಲೋಪವು ಅನರ್ಥಕಾರಿ, ಸಕಾಲದ ಆದೇಶವೇ ಕ್ಷೇಮಕರ. ಓಟದಲ್ಲಿ ಕ್ಲಿಪ್ಪು ಹಾರಿ ಕೊಂಡಿ ಕಳಚಿದರೆ, ಚೈನು ಬಿದ್ದು ಬೈಕು ನಿಲ್ಲಬಹುದು. ಇಲ್ಲವೆ ಅದು ಹಲ್ಲುಚಕ್ರಕ್ಕೆ ಸಿಕ್ಕಿ ಹಿಂದಿನ ಗಾಲಿಯನ್ನೇ ಬಿಗಿಯಬಹುದು. ದೇವಿಮನೆ ಘಟ್ಟದ ತಿರುವಿನಲ್ಲಿ ಹಾಗಾದರೆ ಗತಿಯೇನು?

ಮೈಸೂರಿನಲ್ಲಿ 1961ರಿಂದ 1996ರ ವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳ ಚೈನು ಕವಚದೊಳಗೆ ಇರುತ್ತಿತ್ತು. ಇಂದಿನ ಅನೇಕ ಬೈಕುಗಳಲ್ಲಿ ಅದು ಬಯಲಿಗೆ ಬಿದ್ದಿರುವದು. ನಮ್ಮಲ್ಲಿ ಉಪ್ಪುಗಾಳಿಯೂ ಮಳೆಯೂ ಅದರ ಶತ್ರುಗಳು. ಮೀನಿನ ಪೆಟ್ಟಿಗೆ ಕಟ್ಟಿಕೊಂಡು ತಿರುಗುವವರ ಚೈನಿಗೆ ಉಪ್ಪುನೀರೇ ತೊಟ್ಟಿಕ್ಕುವದು. ಆದುದರಿಂದ ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ, ಒರೆಸಿ, ಚೈನಿನ ಎಣ್ಣೆ ಹಾಕುವದು ಯೋಗ್ಯ. ಆಗ ಇಂಜಿನು ನಿಂತಿರಲೇಬೇಕು. ಗಾಲಿಯನ್ನು ಕೈಯಿಂದಲೇ ತಿರುಗಿಸಬೇಕು. ಓಡುವ ಚೈನಿಗೆ ಬಟ್ಟೆ ಹಿಡಿದರೆ ಬಟ್ಟೆಯೊಡನೆ ಬೆರಳೂ ಹಲ್ಲುಚಕ್ರಕ್ಕೆ ಹೋಗುವದು. ಚೈನಿನ ಸಡಿಲವು ವಾಹನದ ಪುಸ್ತಕದಲ್ಲಿ ಹೇಳಿದಷ್ಟಿರಲಿ. ಅನೇಕ ಚಿಕ್ಕ ಬೈಕುಗಳಿಗೆ ಅದು 20ರಿಂದ 30 ಮಿಲಿಮೀಟರು. ಅತಿ ಬಿಗಿಯಾದರೆ, ಇಬ್ಬರು ಕುಳಿತಾಗ ಕೊಂಡಿಯ ಮೇಲೆ ಜಗ್ಗುವಿಕೆಯು ಹೆಚ್ಚುವದು.

ಎಣ್ಣೆ ಹಾಕುವಾಗ ಕ್ಲಿಪ್ಪನ್ನು ನೋಡಿರಿ. ಅದರ ಮುಚ್ಚಿದ ತಲೆಯು ಚೈನು ಓಡುವ ದಿಕ್ಕಿಗೆ ಇರಬೇಕು: ಮೇಲಿನ ಸಾಲಿನಲ್ಲಿ ಬೈಕಿನ ಮುಂಭಾಗಕ್ಕೆ, ಕೆಳಗಿನ ಸಾಲಿನಲ್ಲಿ ಹಿಂಭಾಗಕ್ಕೆ. ಬಾಯಿ ಮುಂದಾಗಿದ್ದರೆ ಏನಾದರೂ ತಗುಲಿದಾಗ ಕ್ಲಿಪ್ಪು ಹಿಂದಕ್ಕೆ ಸರಿದು ಹಾರುವದು. ಒಮ್ಮೆ ತೆಗೆದ ಕ್ಲಿಪ್ಪು ತನ್ನ ಬಿಗಿಯನ್ನು ಕಳೆದುಕೊಂಡಿರಬಹುದು. ಅದನ್ನು ಪುನಃ ಹಾಕದೆ ಹೊಸದನ್ನೇ ತರಬೇಕು. ತರುವಾಗ ಚೈನಿನ ಮೇಲಿನ ಅಂಕೆಯನ್ನು ಓದಿರಿ. 428 ಎಂಬಲ್ಲಿ ಮೊದಲಿನ 4 ಅಂದರೆ ಪಿನ್ನಿನಿಂದ ಪಿನ್ನಿಗೆ ಇಂಚಿನ ಎಂಟರಲ್ಲಿ ನಾಲ್ಕು ಪಾಲು, ಅಂದರೆ ಅರ್ಧ ಇಂಚು. ಉಳಿದ ಅಂಕೆಗಳು ಅಗಲಕ್ಕೆ ಸಂಬಂಧಿಸಿದವು. ಆದುದರಿಂದ 420ರ ಲಾಕು 428ಕ್ಕೆ ಸಲ್ಲದು. ಚೈನು ತಯಾರಿಸಿದವರದೇ ಲಾಕು ಉತ್ತಮ. ಕೂಡಿಸುವಾಗ ಎರಡೂ ತುದಿಗಳನ್ನು ಹಿಂದಿನ ಹಲ್ಲುಚಕ್ರದ ಮೇಲೆ ಕೂಡಿಸಿಕೊಂಡರೆ ಕೆಲಸವು ಸುಲಭ. ಕ್ಲಿಪ್ಪನ್ನು ಇಕ್ಕಳದಿಂದ ಮೆಲ್ಲನೆ ಒತ್ತಿ, ಅದು ಎರಡು ಪಿನ್ನುಗಳ ಕಚ್ಚಿನಲ್ಲಿಯೂ ಕೂತಿತೇ ಎಂದು ನೋಡಬೇಕು. ದೊಡ್ಡ ಬೈಕುಗಳ ಕೆಲವು ಚೈನುಗಳಿಗೆ ಕ್ಲಿಪ್ಪಿಲ್ಲ, ಪಿನ್ನಿನ ತಲೆಯನ್ನೇ ಅರಳಿಸುವರು. ಅದು ಬಲ್ಲವರ ಕೆಲಸ.

ಹಿಂದಿನ ಹಲ್ಲುಚಕ್ರದ ಹಿಂಬದಿಯಲ್ಲಿ ಚೈನನ್ನು ಹಿಡಿದು ಎಳೆದಾಗ ಹಲ್ಲಿನ ಅರ್ಧ ಭಾಗ ಕಂಡರೆ, ಚೈನೇ ಸವೆದಿರುವದು. ಆಗ ಹೊಸ ಲಾಕು ಹಾಕಿ ಕಾಲ ಕಳೆಯುವದು ಹುಸಿ ಮಿತವ್ಯಯ. ಚೈನನ್ನೂ ಎರಡು ಹಲ್ಲುಚಕ್ರಗಳನ್ನೂ ಕೂಡಿಯೇ ಬದಲಿಸಬೇಕು.

ಮಳೆಗಾಲಕ್ಕೆ ಮೊದಲು ಕೊಡೆಗಳನ್ನು ಬಿಚ್ಚಿ ನೋಡುವ ದಿನವೇ ಈ ಕ್ಲಿಪ್ಪನ್ನೂ ನೋಡಿ, ಇನ್ನೊಂದು ಲಾಕನ್ನು ಬೈಕಿನ ಚೀಲದಲ್ಲಿ ಇಟ್ಟಿರಿ. ಅದಕ್ಕೆ ತಗಲುವ ವೆಚ್ಚವು ಅತ್ಯಲ್ಪ.