ಪುಣ್ಯದ ಕೆಲಸಕ್ಕೆ ಪ್ರಮೋಷನ್ ಬೇಡ್ವಾ?

"ವಯಸ್ಸಾದವರನ್ನ ನೋಡ್ಕೊಳ್ಳೋದು ಪುಣ್ಯದ ಕೆಲಸ ಕಣ್ರೀ..." ಈ ಮಾತು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತೆ. ಪುಣ್ಯ ಅಂದ್ಬಿಟ್ರೆ ಮುಗೀತು, ಆಮೇಲೆ ಸಂಬಳ, ರಜೆ, ಬಡ್ತಿ ಯಾವುದನ್ನೂ ಕೇಳೋ ಹಾಗಿಲ್ಲ!

ನಮ್ಮಜ್ಜಿಗೆ ಲಕ್ವ ಹೊಡೆದಾಗ ಬೆಂಗಳೂರಿನ ಒಂದು ಏಜೆನ್ಸಿಯಿಂದ ಒಬ್ಬರು ಅಕ್ಕ ಬಂದಿದ್ರು. ನಾವೆಲ್ಲ 'ಹೋಮ್ ನರ್ಸ್' ಅಂತಿದ್ವಿ, ಆದ್ರೆ ಅವರು ನರ್ಸಿಂಗ್ ಓದಿದವರಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದು, ಬೆನ್ನು ಕೆಂಪಾಗಿದ್ಯಾ ಅಂತ ನೋಡೋದು, ಮೂಗಿನ ಕೊಳವೇಲಿ ಗಂಜಿ ಹಾಕುವಾಗ ತಲೆ ಎತ್ತರಿಸಿ ಕೂರಿಸೋದು, ಎಲ್ಲಾ ಗೊತ್ತು. ಹನ್ನೊಂದು ವರ್ಷದ ಅನುಭವ. ಸಂಬಳ ಮಾತ್ರ ಹೋದ ವಾರ ಸೇರಿದ ಹುಡುಗಿಯದ್ದಷ್ಟೇ!

ತರಬೇತಿಯೇ ಇಲ್ಲ ಅಂತಲ್ಲ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್, ಹೋಮ್ ಹೆಲ್ತ್ ಏಡ್ ಅಂತ ಕೋರ್ಸುಗಳು ಬಂದವು. ಕೆಲಸ ಮಾಡುತ್ತಲೇ ಕಲಿತವರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ವ್ಯವಸ್ಥೆಯೂ ಬಂತು. ಸರಿ, ಆಮೇಲೆ? ಆ ಕಾಗದ ಹಿಡ್ಕೊಂಡು ಹತ್ತೋ ಮುಂದಿನ ಮೆಟ್ಟಿಲೆಲ್ಲಿ? ನರ್ಸ್ ಆಗ್ಬೇಕಂದ್ರೆ ಜಿಎನ್‌ಎಂ ಮೊದಲನೇ ವರ್ಷದಿಂದಲೇ ಶುರು, ಒಟ್ಟು 3 ವರ್ಷ. ಅಲ್ಲೀವರೆಗೆ ಅವರ ಮನೆ ನಡೆಸೋರ್ಯಾರು?

ಜಪಾನ್ ನೋಡಿ. 1987ರಲ್ಲೇ ಇದಕ್ಕೊಂದು ಕಾನೂನು ಮಾಡಿದ್ರು. ಆರೈಕೆ ಕೆಲಸದಲ್ಲಿ 3 ವರ್ಷ ದುಡಿದವರು ನಿಗದಿತ ತರಬೇತಿ ಮುಗಿಸಿ, ಪರೀಕ್ಷೆ ಪಾಸು ಮಾಡಿ 'ಕೈಗೊ ಫುಕುಶಿಶಿ' ಆಗಬಹುದು. ಹಾಗೆ 5 ವರ್ಷ ಕೆಲಸ ಮಾಡಿದ್ರೆ ಕೇರ್ ಮ್ಯಾನೇಜರ್ ಪರೀಕ್ಷೆಗೆ ಕೂರಬಹುದು. ಅಲ್ಲೂ ಸಂಬಳ ಸಾಲದು, ಜನ ಸಿಗಲ್ಲ ಅನ್ನೋ ಗೋಳಿದೆ. ಆದ್ರೆ ಏಣಿಯಂತೂ ಇದೆ, ಕೆಳಗಿನ ಮೆಟ್ಟಿಲಿಂದಲೇ ಹತ್ತಬಹುದು.

ನಮ್ಮಲ್ಲೂ ಆಗದ್ದೇನಲ್ಲ. ದುಡಿದ ವರ್ಷಗಳ ಲೆಕ್ಕ ಬರಹದಲ್ಲಿರಲಿ. ಮರೆವಿನ ಕಾಯಿಲೆ, ಕೊನೆಗಾಲದ ಆರೈಕೆ ಕಲಿತವರಿಗೆ ಸಂಬಳ ಏರಲಿ. ಅನುಭವಸ್ಥರು ಹೊಸಬರಿಗೆ ಕಲಿಸೋ ಸೂಪರ್‌ವೈಸರ್ ಆಗಲಿ. ನರ್ಸಿಂಗ್ ಓದಲು ಹೊರಟವರಿಗೆ ಸ್ಟೈಪೆಂಡ್, ಅನುಭವಕ್ಕೊಂದಿಷ್ಟು ಮೀಸಲು ಸೀಟು ಸಿಗಲಿ. ಹಿರಿಯರಿಗೆ ಅಂತಲೇ ಅಪಾರ್ಟ್‌ಮೆಂಟ್ ಕಟ್ಟಿ ಮಾರೋರು ಕ್ಲಬ್‌ಹೌಸಿನ ಫೋಟೋ ಜೊತೆ ಇದನ್ನೂ ಬ್ರೋಷರಲ್ಲಿ ಹಾಕ್ಲಿ ನೋಡೋಣ!

"ಖರ್ಚು ಜಾಸ್ತಿ ಆಗುತ್ತಲ್ಲ?" ಅಂತೀರಾ. ಆಗುತ್ತೆ. ನನ್ನ ಜೇಬಿಗೂ ಭಾರವೇ. ಆದ್ರೆ ತಿಂಗಳಿಗೊಬ್ಬರು ಬಿಟ್ಟು ಹೋಗಿ, ಹಾಸಿಗೆ ಹಿಡಿದ ಜೀವ ಪ್ರತಿ ಸಲ ಹೊಸ ಕೈಗೆ ಮೈ ಒಪ್ಪಿಸೋದಿದ್ಯಲ್ಲ, ಅದರ ಬೆಲೆ ಯಾರ ಲೆಕ್ಕಕ್ಕೆ?

ಎರಡು ವರ್ಷ ಪ್ರಮೋಷನ್ ಸಿಗದಿದ್ರೆ ರೆಸ್ಯೂಮೆ ತಿದ್ದೋಕೆ ಕೂರೋ ನಾವು, ಅವರಿಗೆ ಮಾತ್ರ ಪುಣ್ಯ ಸಾಕು ಅನ್ನೋದು ಯಾವ ನ್ಯಾಯ? ನೀವೇ ಹೇಳಿ.